ಏಳೇ ಏಳು ಕಾಲೊನಿ

ನಮ್ಮ ಬೆಂಚಿನ ಎದುರಿನ ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ ಕಾಗದವೊಂದಿದೆ: ‘ಯೂರೋಬ್ಯಾಗಿನಿಂದ ಬಗ್ಗಿಸಿ ತಂದ ಮೂತ್ರವನ್ನು ಕಲ್ಚರ್‌ಗೆ ಸ್ವೀಕರಿಸುವುದಿಲ್ಲ.’ ಯೂರೋಬ್ಯಾಗ್ ಎಂದರೆ ಮೂತ್ರದ ನಳಿಕೆಯ ತುದಿಗೆ ನೇತುಹಾಕುವ ಚೀಲ, ಕಲ್ಚರ್ ಎಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ಲೇಟಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ದಪ್ಪ ಅಕ್ಷರ, ಅಡಿಯಲ್ಲಿ ಎರಡು ಗೆರೆ. ಸಿಟ್ಟು ಕಾಣಲಿ ಎಂದೇ ಎಳೆದದ್ದು. ಆ ಗೆರೆ ಎಳೆದ ಕೈ ಒಂದು ಬುಧವಾರ ಮಾಡಿದ ಕೆಲಸವನ್ನು ನೆನೆದರೆ ಕಾಗದವನ್ನು ಕಿತ್ತುಹಾಕೋಣ ಎನಿಸುತ್ತದೆ. ಆದರೆ ವಾರ್ಡಿನವರು ಇನ್ನೂ ಬ್ಯಾಗಿನಿಂದಲೇ ಬಗ್ಗಿಸಿ ಕಳಿಸುತ್ತಾರೆ, ಹಾಗಾಗಿ ಇರಲಿ ಎಂದು ಬಿಟ್ಟಿದ್ದೇನೆ.

ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯ ಮೈಕ್ರೋಬಯಾಲಜಿ ವಿಭಾಗದಲ್ಲಿ ನಾನು ಟೆಕ್ನೀಷಿಯನ್ ಆಗಿ ಹದಿನಾಲ್ಕು ವರ್ಷವಾಯಿತು. ದಿನಕ್ಕೆ ಐವತ್ತು, ಅರವತ್ತು ಮೂತ್ರದ ಕಲ್ಚರ್. ನಮ್ಮ ಗೋಳು ನಿಮಗೆ ಗೊತ್ತೇ ಇರುತ್ತದೆ. ಬೆಳಿಗ್ಗೆ ಆರಕ್ಕೆ ಹಿಡಿದ ಮೂತ್ರ ವಾರ್ಡಿನ ಕಿಟಕಿಯ ಬಿಸಿಲಿನಲ್ಲಿ ಕುಳಿತು, ಅಟೆಂಡರ್ ತಿಂಡಿ ಮುಗಿಸಿದ ಮೇಲೆ ಹತ್ತೂವರೆಗೆ ನಮ್ಮ ಬಳಿ ಬರುತ್ತದೆ. ಎರಡು ಗಂಟೆಯೊಳಗೆ ಪ್ಲೇಟಿಗೆ ಹೋಗಬೇಕು, ಇಲ್ಲವಾದರೆ ಫ್ರಿಜ್ಜಿನಲ್ಲಿರಬೇಕು. ಹಿತವಾದ ಬಿಸಿ ಸಿಕ್ಕರೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಕಿಟಕಿಯ ಬಳಿ ಸ್ವಲ್ಪ ನಿಧಾನ, ಅಷ್ಟೆ. ಕ್ಯಾತಿಟರ್ ಹಾಕಿದವರಿಂದ ಸ್ಯಾಂಪಲ್ ಬೇಕಾದರೆ ನಳಿಕೆಯನ್ನು ಸ್ವಲ್ಪ ಹೊತ್ತು ಕ್ಲ್ಯಾಂಪ್ ಮಾಡಿ, ಪೋರ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಸಿರಿಂಜಿನಲ್ಲಿ ಎಳೆಯಬೇಕು. ಬ್ಯಾಗಿನ ನಲ್ಲಿ ತಿರುಗಿಸುವುದು ಸುಲಭವಾದ್ದರಿಂದ ಎಲ್ಲರೂ ಅದನ್ನೇ ಮಾಡುತ್ತಾರೆ.

ನಡೆದಾಡುವ ರೋಗಿಗಳ ವಿಷಯವಂತೂ ಕೇಳಲೇಬೇಡಿ. ಮೊದಲ ಧಾರೆ ಬಿಟ್ಟು ನಡುವಿನದನ್ನು ಡಬ್ಬಿಗೆ ಹಿಡಿಯಿರಿ ಎಂದು ಬಿಡಿಸಿ ಹೇಳುವ ವ್ಯವಧಾನ ಕೌಂಟರಿನಲ್ಲಿ ಯಾರಿಗೂ ಇಲ್ಲ. ‘ಮಧ್ಯದ ಮೂತ್ರ ತನ್ನಿ’ ಎಂದು ಕೂಗಿ ಡಬ್ಬಿ ಕೊಡುತ್ತಾರೆ. ಒಮ್ಮೆ ಒಬ್ಬ ಹಿರಿಯರು ಡಬ್ಬಿಯನ್ನು ವಾಪಸು ಕೊಟ್ಟು, ‘ಕುಡಿಯುವುದನ್ನು ಬಿಟ್ಟು ಎಂಟು ವರ್ಷವಾಯಿತು, ಮದ್ಯದ್ದು ಎಲ್ಲಿಂದ ತರಲಿ’ ಎಂದು ಜಗಳಕ್ಕೆ ನಿಂತಿದ್ದರು. ಅಂದಿನಿಂದ ನಾವು ‘ನಡುವಿನ ಮೂತ್ರ’ ಎನ್ನುತ್ತೇವೆ.

ಈಗ ವಿಷಯಕ್ಕೆ ಬರುತ್ತೇನೆ. ನಲವತ್ತು ದಿನದ ಒಂದು ಕೂಸಿಗೆ ಜ್ವರ. ಎಲ್ಲಿಂದ ಬಂದ ಜ್ವರ ಎಂಬುದಕ್ಕೆ ಮೇಲುನೋಟಕ್ಕೆ ಕಾರಣವಿಲ್ಲ. ಮಕ್ಕಳ ವಾರ್ಡಿನಿಂದ ಮೂತ್ರ ಬಂತು. ಕೂಸಿಗೆ ನಡುವಿನ ಧಾರೆಯ ಪಾಠ ಹೇಳುವಂತಿಲ್ಲವಲ್ಲ, ಅಂಟಿಸುವ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದಿದ್ದರು. ಚೀಲದ ಮೂತ್ರವೆಂದರೆ ಚರ್ಮ, ಡೈಪರ್, ಮಲ ಎಲ್ಲದರ ಬ್ಯಾಕ್ಟೀರಿಯಾವೂ ಸೇರಿದ ಪಂಚಾಮೃತ. ಏನೂ ಬೆಳೆಯದಿದ್ದರೆ ಸೋಂಕಿಲ್ಲ ಎನ್ನಲು ಅದು ಸಾಕು. ಬೆಳೆದರೆ ಯಾವ ತೀರ್ಮಾನಕ್ಕೂ ಬಾರದು. ಮೂರು ಬಗೆ ಬೆಳೆದಿತ್ತು. ‘ಮಿಶ್ರ ಬೆಳವಣಿಗೆ, ಮರುಸ್ಯಾಂಪಲ್ ಕಳಿಸಿ’ ಎಂದು ವರದಿ ಕೊಟ್ಟೆ. ಮರುದಿನ ಇನ್ನೊಂದು ಚೀಲ, ಮತ್ತೆ ಅದೇ ಕಥೆ. ಈ ಸಲ ನಾನು ಫೋನೆತ್ತಿ ವಾರ್ಡಿನ ಸಿಸ್ಟರಿಗೆ ಐದು ನಿಮಿಷ ಉಪದೇಶ ಮಾಡಿದೆ. ‘ಸರಿಯಾದ ಸ್ಯಾಂಪಲ್ ಕಳಿಸಿದರೆ ಸರಿಯಾದ ವರದಿ ಕೊಡುತ್ತೇವೆ’ ಎಂದೆ. ಆ ಮಾತನ್ನು ಪಕ್ಕದಲ್ಲಿ ನಿಂತಿದ್ದ ಮಕ್ಕಳ ಡಾಕ್ಟರು ಕೇಳಿಸಿಕೊಂಡಿದ್ದರಂತೆ.

ಮಂಗಳವಾರ ಸಂಜೆ ನಾಲ್ಕಕ್ಕೆ ಅವರು ಎಸ್‌ಪಿಎ (ಸುಪ್ರಾಪ್ಯೂಬಿಕ್ ಆಸ್ಪಿರೇಷನ್) ಮಾಡಿದರು. ಕೂಸಿನ ಮೂತ್ರಕೋಶ ದೊಡ್ಡವರಿಗಿಂತ ಮೇಲೆ, ಹೊಟ್ಟೆಯ ಭಾಗದಲ್ಲೇ ಇರುತ್ತದೆ. ಅದು ತುಂಬಿದೆಯೇ ಎಂದು ಸ್ಕ್ಯಾನಿನಲ್ಲಿ ನೋಡಿಕೊಂಡು, ಕೆಳಹೊಟ್ಟೆಯ ಮೂಳೆಯಿಂದ ಒಂದು ಬೆರಳು ಮೇಲೆ ಸೂಜಿ ಹಾಕಿ ನೇರವಾಗಿ ಎಳೆಯುವುದು. ಸ್ಪಿರಿಟ್ಟಿನ ತಣ್ಪು ತಾಗಿದ ಕೂಡಲೇ ಕೂಸು ಉಚ್ಚೆ ಹೊಯ್ದುಬಿಟ್ಟರೆ ಮತ್ತೆ ಗಂಟೆಗಟ್ಟಲೆ ಕಾಯಬೇಕು. ಆ ಹೊತ್ತಿಗೆ ತಾಯಿಯನ್ನು ಹೊರಗೆ ಕೂರಿಸಿದ್ದರು. ಸಿಕ್ಕಿದ್ದು ಎರಡು ಎಂಎಲ್. ಜೂನಿಯರ್ ಡಾಕ್ಟರು ಅದನ್ನು ಅಟೆಂಡರ್ ಕೈಗೆ ಕೊಡದೆ ತಾವೇ ಹಿಡಿದುಕೊಂಡು ಬಂದು ಕೌಂಟರಿಗೆ ಕೊಟ್ಟು ಹೋದರು. ಆಮೇಲಷ್ಟೇ ಕೂಸಿಗೆ ಆಂಟಿಬಯೋಟಿಕ್ ಶುರುವಾಯಿತು.

ಫಾರ್ಮಿನ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ‘ಎಸ್‌ಪಿಎ’ ಎಂದು ಬರೆದಿತ್ತು. ಫಾರ್ಮು ಕೌಂಟರಿನಲ್ಲೇ ಉಳಿಯುತ್ತದೆ, ನಮ್ಮ ಬಳಿ ಬರುವುದು ಬಾರ್‌ಕೋಡ್ ಮಾತ್ರ. ಕಂಪ್ಯೂಟರಿನಲ್ಲಿ ರಕ್ತಕ್ಕೆ ಹನ್ನೊಂದು ಆಯ್ಕೆಗಳಿವೆ, ಮೂತ್ರಕ್ಕೆ ಒಂದೇ: ‘ಯೂರಿನ್’. ಚೀಲದ್ದು, ಕ್ಯಾತಿಟರಿನದು, ಸೂಜಿಯದು, ಎಲ್ಲವೂ ಅದೇ ಹೆಸರಿನಲ್ಲಿ ಬರಬೇಕು. ಈ ತಂತ್ರಾಂಶ ಕೊಳ್ಳುವಾಗ ನಮ್ಮ ವಿಭಾಗದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಸಂಜೆ ಪಾಳಿಯವರು ಉಳಿದ ಅರವತ್ತರ ಜೊತೆ ಅದನ್ನೂ ಒಂದು ಮೈಕ್ರೋಲೀಟರ್, ಅಂದರೆ ಎಂಎಲ್‌ನ ಸಾವಿರದಲ್ಲೊಂದು ಪಾಲು ಹಿಡಿಯುವ ಲೂಪಿನಲ್ಲಿ ಕ್ಲೆಡ್ ಎಂಬ ಪೋಷಕ ಪ್ಲೇಟಿನ ಮೇಲೆ ಎಳೆದು ಇನ್‌ಕ್ಯುಬೇಟರಿಗಿಟ್ಟು ಮನೆಗೆ ಹೋದರು.

ಬುಧವಾರ ಹತ್ತೂಮುಕ್ಕಾಲಿಗೆ ನಾನು ಪ್ಲೇಟುಗಳನ್ನು ಓದುತ್ತಿದ್ದೆ. ಓದುವುದೆಂದರೆ ಹೆಚ್ಚುಕಡಿಮೆ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಬೆಳೆಯದವು ಎಡಕ್ಕೆ, ತುಂಬಾ ಬೆಳೆದವು ಬಲಕ್ಕೆ, ಕಲಬೆರಕೆ ಮಧ್ಯಕ್ಕೆ. ಒಂದು ಪ್ಲೇಟು ಕೈಗೆ ಬಂತು. ತಿಳಿ ಹಸಿರು ನೀಲಿಯ ಮೇಲೆ ಹಳದಿಯ ಏಳು ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಬೆಳೆದು ಕಟ್ಟಿದ ಏಳು ಚುಕ್ಕೆ. ಏಳನ್ನು ಸಾವಿರದಿಂದ ಗುಣಿಸಿದರೆ ಎಂಎಲ್‌ಗೆ ಏಳು ಸಾವಿರ. ಸೋಂಕು ಎನ್ನಲು ನಮ್ಮ ತಲೆಯಲ್ಲಿ ಕೊರೆದಿಟ್ಟ ಸಂಖ್ಯೆ ಎಂಎಲ್‌ಗೆ ಒಂದು ಲಕ್ಷ. 1950ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಕ್ಯಾಸ್ ಹಾಕಿಕೊಟ್ಟ ಗೆರೆ ಅದು. ಅವರು ಗೆರೆ ಎಳೆದದ್ದು ಯಾವ ರೋಗಿಗಳ, ಯಾವ ರೀತಿ ಹಿಡಿದ ಮೂತ್ರಕ್ಕೆ ಎಂಬುದನ್ನು ಪರೀಕ್ಷೆಗೆ ಓದಿದ್ದೆ, ಬೆಂಚಿನಲ್ಲಿ ಮರೆತಿದ್ದೆ. ಪರದೆಯಲ್ಲಿ ವಯಸ್ಸು ‘0’ ಎಂದಿತ್ತು. ಅದನ್ನು ನೋಡಿದೆ. ‘ಮತ್ತೆ ಚೀಲ ಕಳಿಸಿದ್ದಾರೆ’ ಎಂದುಕೊಂಡೆ. ಎಫ್4 ಒತ್ತಿದರೆ ‘ಗಣನೀಯ ಬೆಳವಣಿಗೆ ಇಲ್ಲ’ ಎಂಬ ಸಿದ್ಧ ವಾಕ್ಯ ತಾನಾಗಿ ಬೀಳುತ್ತದೆ. ಒತ್ತಿದೆ.

ಇಷ್ಟಕ್ಕೆ ಬಹುಶಃ ಆರು ಸೆಕೆಂಡು ಹಿಡಿದಿರಬೇಕು. ಈಗಲೂ ನನ್ನನ್ನು ಕೊರೆಯುವುದು ಆ ಆರರಲ್ಲಿ ಒಂದು. ಏಳೂ ಒಂದೇ ಬಗೆಯವು ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು. ಚೀಲದ ಮೂತ್ರ ಅಷ್ಟು ಶುದ್ಧವಾಗಿ, ಅಷ್ಟು ಕಡಿಮೆ ಬೆಳೆಯುವುದು ಅಪರೂಪ. ಏನೋ ಸರಿಯಿಲ್ಲ ಎಂದು ಒಳಗೊಬ್ಬ ಹೇಳುತ್ತಿದ್ದ. ಆದರೆ ಬಲಗಡೆ ಇನ್ನೂ ಹದಿನೆಂಟು ಪ್ಲೇಟು ಕಾಯುತ್ತಿದ್ದವು, ವರದಿ ತಡವಾದರೆ ಕೆಂಪು ದೀಪ ಉರಿಯುವ ಪಟ್ಟಿಯೊಂದನ್ನು ಆಡಳಿತದವರು ನಮ್ಮ ತಲೆಯ ಮೇಲೇ ನೇತುಹಾಕಿದ್ದಾರೆ.

ಹನ್ನೆರಡು ಇಪ್ಪತ್ತಕ್ಕೆ ಫೋನು. ಮಕ್ಕಳ ಡಾಕ್ಟರು. ಅವರು ಕೂಗಾಡುವವರಲ್ಲ, ಅದೇ ಕಷ್ಟ. ‘ಗಣನೀಯವಲ್ಲ ಎಂದರೆ ಏನೂ ಬೆಳೆಯಲಿಲ್ಲವೇ, ಬೆಳೆದದ್ದು ನಿಮಗೆ ಲೆಕ್ಕಕ್ಕೆ ಬರಲಿಲ್ಲವೇ?’ ಎಂದು ಕೇಳಿದರು. ‘ಸ್ವಲ್ಪ ಇತ್ತು, ಏಳು ಸಾವಿರ’ ಎಂದೆ. ಆ ಕಡೆ ಒಂದು ಕ್ಷಣ ಮೌನ. ‘ಪಸ್ ಸೆಲ್ ಇಷ್ಟೊಂದಿವೆಯಲ್ಲ ಎಂದು ಅನುಮಾನವಾಗಿ ಕೇಳಿದೆ. ಇದು ಎಸ್‌ಪಿಎ. ನೀವು ಸರಿಯಾದ ಸ್ಯಾಂಪಲ್ ಕೇಳಿದ್ದಿರಿ.’

ಎದೆ ಧಸಕ್ಕೆಂದಿತು. ಸೂಜಿಯಿಂದ ತೆಗೆದ ಮೂತ್ರ ಯಾವ ಚರ್ಮವನ್ನೂ ದಾರಿಯನ್ನೂ ಮುಟ್ಟಿ ಬಂದದ್ದಲ್ಲ. ಅದರಲ್ಲಿ ಇಂಥ ಹಳದಿ ಕಾಲೊನಿ ಒಂದೆರಡಿದ್ದರೂ ವರದಿಯಾಗಬೇಕು ಎಂದು ನಮ್ಮದೇ ಎಸ್‌ಒಪಿಯ (ಕೆಲಸದ ಕ್ರಮ ಹೇಳುವ ಕೈಪಿಡಿಯ) ಪುಟದಲ್ಲಿ ಬರೆದಿದೆ. ಕೂಸುಗಳು ಮೂತ್ರವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬ್ಯಾಕ್ಟೀರಿಯಾಕ್ಕೆ ಹೆಚ್ಚಲು ಪುರುಸೊತ್ತೇ ಸಿಗುವುದಿಲ್ಲ. ಮೂತ್ರದಲ್ಲಿ ಅದ್ದಿ ನೋಡುವ ಸ್ಟ್ರಿಪ್ಪಿನಲ್ಲಿ ಬ್ಯಾಕ್ಟೀರಿಯಾದ ಗುರುತಾದ ನೈಟ್ರೈಟ್ ಬರದಿದ್ದುದೂ ಅದಕ್ಕೇ. ಅದು ಬಣ್ಣ ತಿರುಗಬೇಕಾದರೆ ಮೂತ್ರ ಸುಮಾರು ನಾಲ್ಕು ಗಂಟೆಯಾದರೂ ಕೋಶದಲ್ಲಿ ನಿಂತಿರಬೇಕು. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ. ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ.

‘ಪ್ಲೇಟು ಇದೆಯಲ್ಲ?’ ಎಂದರು. ‘ಇದೆ’ ಎಂದು ಸುಳ್ಳು ಹೇಳಿದೆ. ಬೆಳೆಯದ ಪ್ಲೇಟುಗಳನ್ನು ಎರಡು ದಿನ ಇಡಬೇಕು. ಇಡಲು ಜಾಗವಿಲ್ಲ. ಎರಡನೆಯ ಇನ್‌ಕ್ಯುಬೇಟರ್ ಕೇಳಿ ಮೂರು ವರ್ಷವಾಗಿತ್ತು. ಓದಿ ಮುಗಿಸಿದ್ದನ್ನು ಹನ್ನೆರಡಕ್ಕೆ ಚೀಲಕ್ಕೆ ತುಂಬುತ್ತೇವೆ, ಹನ್ನೆರಡೂವರೆಗೆ ಆಟೋಕ್ಲೇವ್. 121 ಡಿಗ್ರಿಯಲ್ಲಿ ಪ್ಲಾಸ್ಟಿಕ್ ಪ್ಲೇಟು ಕರಗಿ ಹಪ್ಪಳದ ಹಾಗೆ ಮುದುಡಿಹೋಗುತ್ತದೆ.

ಹಿಂದಿನ ಕೋಣೆಗೆ ಓಡಿದೆ. ಅಟೆಂಡರ್ ಮುಚ್ಚಳ ಹಾಕಿ, ಎದುರುಬದುರಾಗಿ ನಟ್ಟುಗಳನ್ನು ಬಿಗಿ ಮಾಡುತ್ತಿದ್ದರು. ಆರರಲ್ಲಿ ನಾಲ್ಕು ಬಿಗಿಯಾಗಿದ್ದವು. ‘ತೆಗೆಯಿರಿ’ ಎಂದೆ. ನನ್ನ ಮುಖ ನೋಡಿ ಅವರು ಕಾರಣ ಕೇಳಲಿಲ್ಲ. ಚೀಲದ ಗಂಟು ಬಿಚ್ಚಿ, ನೆಲಕ್ಕೆ ಹಾಳೆ ಹಾಸಿ, ಡಬಲ್ ಗ್ಲೌಸ್ ತೊಟ್ಟು ಪ್ಲೇಟುಗಳನ್ನು ಒಂದೊಂದಾಗಿ ಮಗುಚಿ ತಳದ ನಂಬರ್ ಓದತೊಡಗಿದೆ. ನನ್ನ ಕೈಬರಹವಾಗಿದ್ದರೆ ಬೇಗ ಸಿಗುತ್ತಿತ್ತೇನೋ. ಸಂಜೆ ಪಾಳಿಯವರ 1 ಮತ್ತು 7 ಎರಡೂ ಒಂದೇ ಥರ. ಮೂವತ್ತೆಂಟನೆಯದು ನನಗೆ ಬೇಕಾದದ್ದು. ಮುಚ್ಚಳ ಸರಿದು ಓರೆಯಾಗಿತ್ತು, ಬೇರೊಂದರ ತಳ ಅದರ ಅಂಚಿಗೆ ಒತ್ತಿಕೊಂಡಿತ್ತು. ಏಳು ಕಾಲೊನಿಗಳು ಇನ್ನೂ ಅಲ್ಲೇ ಇದ್ದವು. ಅವುಗಳ ಮೇಲೆ ಬೇರೆ ಯಾವುದಾದರೂ ಬಿದ್ದಿದೆಯೋ ಇಲ್ಲವೋ ಎಂದು ಯಾವ ಧೈರ್ಯದಲ್ಲಿ ಹೇಳಲಿ? ಕೊಟ್ಟ ಕುದುರೆಯನ್ನು ಏರಲಾಗದವನ ಪಾಡು ಎಂದರೆ ಇದೇ.

ಫ್ರಿಜ್ಜು ನೆನಪಾಯಿತು. ಉಳಿದ ಮೂತ್ರವನ್ನು 24 ಗಂಟೆ ಇಡುವುದು ರೂಢಿ. ಹಿಂದಿನ ಸಾಲಿನಲ್ಲಿ, ತಳದಲ್ಲಿ ಒಂದು ಎಂಎಲ್‌ಗೂ ಕಡಿಮೆ ಉಳಿದ ಡಬ್ಬಿ ಸಿಕ್ಕಿತು. ಅದರಿಂದ ಲೂಪಿನಲ್ಲಲ್ಲ, ಪಿಪೆಟ್ಟಿನಲ್ಲಿ 0.1 ಎಂಎಲ್ ತೆಗೆದು ಹೊಸ ಪ್ಲೇಟಿಗೆ ಹರಡಿದೆ. ಮೊದಲೇ ಹಾಗೆ ಮಾಡಬೇಕಿತ್ತು. ಒಂದು ಹನಿಗೆ ಗ್ರಾಮ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹಳೆಯ ಪ್ಲೇಟಿನ ನಡುವಿನ ಮೂರು ಕಾಲೊನಿಗಳಿಂದ, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯುವ ಸೆನ್ಸಿಟಿವಿಟಿಯನ್ನೂ ಹಾಕಿದೆ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ ಪ್ಲೇಟು ಎಲ್ಲಿತ್ತು, ಈಗ ಹೇಗಿದೆ ಎಂಬುದನ್ನು ಮುಚ್ಚಿಡದೆ ಹೇಳಿದೆ. ‘ಗ್ರಾಮ್ ನೆಗೆಟಿವ್ ಬ್ಯಾಸಿಲಸ್, ಒಂದೇ ಬಗೆ, ನನ್ನ ವರದಿ ತಪ್ಪು’ ಎಂದೆ. ಅವರು ‘ಸರಿ’ ಎಂದರು. ವಾರ್ಡಿನ ಸಿಸ್ಟರ್ ಆಮೇಲೆ ಹೇಳಿದ್ದು: ನನ್ನ ವರದಿ ನೋಡಿ ಜ್ವರದ ಮೂಲ ಬೇರೆಲ್ಲೋ ಇದೆ ಎಂದು ಬೆನ್ನಿನ ನೀರು ತೆಗೆಯುವ ಟ್ರೇ ಸಿದ್ಧವಾಗಿತ್ತಂತೆ. ಆ ಕೂಸಿಗೆ ಇನ್ನೊಂದು ಸೂಜಿ.

ತಿದ್ದಿದ ವರದಿ ಹೊರಡಬೇಕಾದರೆ ವಿಭಾಗದ ಮುಖ್ಯಸ್ಥರ ಪಾಸ್‌ವರ್ಡ್ ಬೇಕು. ಅವರು ಗುಣಮಟ್ಟ ಸಮಿತಿಯ ಸಭೆಯಲ್ಲಿದ್ದರು. ಮೂರೂಕಾಲಿನವರೆಗೆ ಕಂಪ್ಯೂಟರಿನಲ್ಲಿ ನನ್ನ ತಪ್ಪೇ ಅಧಿಕೃತ ವರದಿಯಾಗಿ ಕುಳಿತಿತ್ತು.

ಗುರುವಾರ ಬೆಳಿಗ್ಗೆ ಹೊಸ ಪ್ಲೇಟು ತುಂಬಾ ಹಳದಿ, ಎಣಿಸಲಾಗದಷ್ಟು, ಎಲ್ಲವೂ ಒಂದೇ. ಇ. ಕೋಲೈ. ಸೆಫೊಟ್ಯಾಕ್ಸಿಮ್ ಎಂಬ ಆಂಟಿಬಯೋಟಿಕ್‌ನ ಡಿಸ್ಕಿನ ಅಂಚಿನವರೆಗೂ ಬೆಳೆದಿತ್ತು, ಕ್ಲಾವುಲಾನಿಕ್ ಜೊತೆಗಿಟ್ಟ ಡಿಸ್ಕಿನ ಸುತ್ತ ಮಾತ್ರ ಅಗಲವಾದ ಬಯಲು. ಇಎಸ್‌ಬಿಎಲ್, ಅಂದರೆ ಇಂಥ ಔಷಧಿಗಳನ್ನು ಒಡೆದುಹಾಕುವ ಬಗೆ. ಕೂಸಿಗೆ ಕೊಡುತ್ತಿದ್ದದ್ದು ಅದೇ ಸೆಫೊಟ್ಯಾಕ್ಸಿಮ್. ಅಮಿಕಾಸಿನ್ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಔಷಧಿ ಬದಲಾಯಿತು, ಎರಡು ದಿನದಲ್ಲಿ ಜ್ವರ ಇಳಿಯಿತು. ತಾಯಿಗೆ ಈ ಕಥೆ ಯಾವುದೂ ಗೊತ್ತಿಲ್ಲ. ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನ ಬಳಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದವರು ಅವರೇ ಎಂದು ಯಾರೋ ತೋರಿಸಿದರು. ನಾನು ಆ ಕಡೆ ಹೋಗಲಿಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತಿರುವಂಥದ್ದೇ. ‘ಮೂಲ ಕಾರಣ’ ಎಂಬ ಎರಡು ಪುಟದ ಫಾರ್ಮು ತುಂಬಿದೆವು. ಮೂತ್ರದ ಬಗೆ ಆಯ್ಕೆ ಮಾಡಲು ಕಂಪ್ಯೂಟರಿನಲ್ಲಿ ಅವಕಾಶವಿಲ್ಲ, ಪ್ಲೇಟು ಇಡಲು ಜಾಗವಿಲ್ಲ ಎಂದು ಬರೆದೆ, ನಾನು ಎಸ್‌ಒಪಿ ಮೀರಿದ್ದನ್ನೂ ಬರೆದೆ. ಮೂರನೆಯದನ್ನು ಮಾತ್ರ ಸ್ವೀಕರಿಸಿ ‘ಮಾನವ ದೋಷ, ಮರುತರಬೇತಿ ಅಗತ್ಯ’ ಎಂದು ಸಹಿ ಹಾಕಿದರು. ಮರುತರಬೇತಿಯಲ್ಲಿ ತೋರಿಸಿದ ಸ್ಲೈಡುಗಳು ನಾನೇ ಹಿಂದಿನ ವರ್ಷ ಮಾಡಿಕೊಟ್ಟವು. ಎರಡನೆಯ ಸಾಲಿನಲ್ಲಿ ಕುಳಿತು ನೋಡಿದೆ. ಒಂಬತ್ತನೆಯ ಸ್ಲೈಡಿನಲ್ಲಿ ಎಸ್‌ಪಿಎ ಬಗ್ಗೆ ಸರಿಯಾಗಿಯೇ ಬರೆದಿದ್ದೆ.

ತಂತ್ರಾಂಶದ ಕಂಪನಿಯವರು ಒಂದು ಆಯ್ಕೆ ಸೇರಿಸಲು ಪ್ರತ್ಯೇಕ ಹಣ ಕೇಳಿದರಂತೆ. ಎಂಟು ತಿಂಗಳಾದ ಮೇಲೆ ‘ಯೂರಿನ್’ ಕೆಳಗೆ ‘ಯೂರಿನ್ - ಇತರೆ’ ಎಂದು ಒಂದು ಸಾಲು ಬಂತು. ಅದನ್ನು ಯಾರೂ ಒತ್ತುವುದಿಲ್ಲ. ಮಕ್ಕಳ ಡಾಕ್ಟರು ತಮ್ಮದೇ ವ್ಯವಸ್ಥೆ ಮಾಡಿಕೊಂಡಿದ್ದಾರೆ: ಸೂಜಿಯಿಂದ ತೆಗೆದ ಮೂತ್ರದ ಡಬ್ಬಿಗೆ ಕೆಂಪು ಟೇಪು ಸುತ್ತಿ ಕಳಿಸುತ್ತಾರೆ. ಟೇಪು ಕಂಡರೆ ಸಂಜೆ ಪಾಳಿಯವರು 0.1 ಎಂಎಲ್ ಹಾಕುತ್ತಾರೆ, ನಾನು ಆ ಪ್ಲೇಟನ್ನು ಎರಡು ದಿನ ನನ್ನ ಊಟದ ಡಬ್ಬಿಗಿಂತ ಜೋಪಾನವಾಗಿ ಕಾಯುತ್ತೇನೆ.

ಎಫ್4 ಕೀಲಿಯನ್ನು ಮಾತ್ರ ನಾನು ಆ ವಾರವೇ ಚಾಕುವಿನಿಂದ ಎಬ್ಬಿಸಿ ತೆಗೆದುಬಿಟ್ಟೆ. ಆ ವಾಕ್ಯ ಬೇಕಾದಾಗಲೆಲ್ಲ ಪೂರ್ತಿ ಟೈಪ್ ಮಾಡುತ್ತಿದ್ದೆ. ಟೈಪ್ ಮಾಡುವ ಹೊತ್ತಿನಲ್ಲಿ ಪ್ಲೇಟನ್ನು ಇನ್ನೊಮ್ಮೆ ನೋಡಬಹುದು. ಮೂರು ವರ್ಷ ನಮ್ಮ ಇನ್‌ಕ್ಯುಬೇಟರ್ ಅರ್ಜಿಗೆ ಉತ್ತರ ಕೊಡದ ಆಡಳಿತ, ಕೀಲಿಯೊಂದು ಕಾಣೆಯಾಗಿದೆ ಎಂದು ಗೊತ್ತಾದ ಮರುದಿನವೇ ಹೊಸ ಕೀಬೋರ್ಡ್ ಕಳಿಸಿಕೊಟ್ಟಿತು.