ಒದ್ದೆ ಕಡತಕ್ಕೆ ಇರುವುದು 48 ಗಂಟೆ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದಾಗ ತಗ್ಗಿನ ಅಂಗಡಿ, ಕಚೇರಿ ಎಲ್ಲಕ್ಕೂ ಒಂದೇ ಗತಿ. ಆದರೆ ಅಂಗಡಿಯಲ್ಲಿ ಹಾಳಾಗುವುದು ಅಂಗಡಿಯವರದೇ ಸರಕು. ವಕೀಲರ ಕಚೇರಿಯಲ್ಲಿ ನೆನೆಯುವುದು ನಂಬಿ ಕೊಟ್ಟವರ ಕಾಗದ: ಮೂಲ ಖರೀದಿ ಪತ್ರ, ಮೃತ್ಯುಪತ್ರ, ಅಜ್ಜನ ಕಾಲದ ವಾಟ್ನಿ (ಆಸ್ತಿ ವಿಭಾಗ) ಪತ್ರ.

ಘಟಪ್ರಭೆಯ ಹಿಡಕಲ್ ಜಲಾಶಯದ ಹೊರಹರಿವು ಎಷ್ಟು ಕ್ಯುಸೆಕ್ ಎಂದಷ್ಟೇ ನೋಡುತ್ತ ಕೂತರೆ ಮೋಸ ಹೋಗುತ್ತೇವೆ. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಸೇರಿಕೊಂಡೇ ಇಲ್ಲಿಗೆ ಬರುತ್ತದೆ. ಗೋಕಾಕದ ಬಳಿಯ ಲೋಳಸೂರ ಸೇತುವೆ ಮುಳುಗಿತೆಂಬ ಸುದ್ದಿ ಬಂದ ಮೇಲೆ ಕಡತ ಸಾಗಿಸಲು ಗಾಡಿ ಹುಡುಕಿದರೆ ಸಿಗುವುದಿಲ್ಲ.

ಗಡಿಬಿಡಿಯಲ್ಲಿ ಎಲ್ಲರ ಕೈ ಮೊದಲು ಹೋಗುವುದು ರೆಕ್ಸಿನ್ ರಟ್ಟಿನ ಎಐಆರ್, ಐಎಲ್‌ಆರ್ ತೀರ್ಪು ಸಂಪುಟಗಳತ್ತ. ಅವನ್ನು ಬಿಡಿ, ಆ ತೀರ್ಪುಗಳು ಬೇರೆಡೆ ಸಿಗುತ್ತವೆ. ಮೂಲ ದಾಖಲೆಗಳು ಮೊದಲು ಮಹಡಿ ಹತ್ತಬೇಕು, ಅದರ ಹಿಂದೆ ನಡೆಯುತ್ತಿರುವ ಪ್ರಕರಣಗಳ ಕಡತ. ಹಾಲಿನ ಕ್ರೇಟ್ ಗಾತ್ರದ ಡಬ್ಬಿ ಸಾಕು, ಒಬ್ಬರೇ ಎತ್ತುವಂತಿರಬೇಕು. ಡಬ್ಬಿಯ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಜೆಲ್ ಪೆನ್ನಿನ ಅಕ್ಷರ ನಿಲ್ಲುವುದಿಲ್ಲ. ಪ್ರತಿ ಪ್ರಕರಣಕ್ಕೂ ಕೋರ್ಟು ಕೊಡುವ 16 ಅಕ್ಷರದ ಸಿಎನ್‌ಆರ್ ಸಂಖ್ಯೆಗಳ ಪಟ್ಟಿ ಮೊಬೈಲಿನಲ್ಲಿದ್ದರೆ ಮುಂದಿನ ತಾರೀಖುಗಳೆಲ್ಲ ಕೋರ್ಟುಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಮತ್ತೆ ಸಿಗುತ್ತವೆ. ಹೊರಡುವ ಮುನ್ನ ಮೇನ್ ಸ್ವಿಚ್ ಆರಿಸಿ. ಯುಪಿಎಸ್ ಬ್ಯಾಟರಿಯ ವಿದ್ಯುತ್ ಅದರಿಂದ ಕಡಿಯುವುದಿಲ್ಲ, ಅದನ್ನು ಬೇರೆಯಾಗಿಯೇ ಬಿಚ್ಚಬೇಕು.

ಸ್ಟೀಲ್ ಕಪಾಟನ್ನು ನಂಬಬೇಡಿ. ನೀರು ಬಾಗಿಲ ಸಂದಿಯಿಂದ ಒಳಹೋಗುತ್ತದೆ. ಒತ್ತಿ ತುಂಬಿದ ಕಡತ ಉಬ್ಬಿ ಬಾಗಿಲನ್ನು ಒಳಗಿನಿಂದಲೇ ಬಿಗಿದುಬಿಡುತ್ತದೆ.

ನೀರು ಇಳಿದ ಮೇಲಿನ ಮೊದಲ ಎರಡು ದಿನ ಅತಿ ಮುಖ್ಯ. ಒದ್ದೆ ಕಾಗದಕ್ಕೆ 48 ಗಂಟೆಯೊಳಗೇ ಬೂಸ್ಟು ಹಿಡಿಯತೊಡಗುತ್ತದೆ. ಅದು ಮೊದಲು ಕಾಣುವುದು ಬಯಲಲ್ಲಿದ್ದ ಹಾಳೆಯ ಮೇಲಲ್ಲ, ಜೋಪಾನವಾಗಿರಲೆಂದು ಪ್ಲಾಸ್ಟಿಕ್ ಕವರಿಗೆ ಹಾಕಿದ ಪತ್ರದ ಮೇಲೆ. ಬಾಯಿಯಿಂದ ಒಳಹೊಕ್ಕ ನೀರಿಗೆ ಹೊರದಾರಿಯಿಲ್ಲ. ಕವರನ್ನು ಎಳೆಯದೆ ಎರಡು ಅಂಚುಗಳಲ್ಲಿ ಕತ್ತರಿಸಿ ತೆರೆಯಿರಿ. ಲೇಸರ್ ಪ್ರಿಂಟ್ ಉಳಿದಿರುತ್ತದೆ, ಬಾಲ್ ಪೆನ್ನಿನ ಸಹಿಯೂ ಬಹುಮಟ್ಟಿಗೆ ಉಳಿದಿರುತ್ತದೆ. ಶಾಯಿ ಪೆನ್ನಿನ ಬರಹ, ನೇರಳೆ ಮೊಹರು ಕದಡಿ ಎದುರಿನ ಪುಟಕ್ಕೆ ಅಂಟಿರುತ್ತವೆ. ಅಂಥದ್ದನ್ನು ತೊಳೆಯಲೇಬಾರದು. ಉಳಿದ ಕಡತಗಳನ್ನು ಮುಚ್ಚಿ ಹಿಡಿದು ಶುದ್ಧ ನೀರಿನ ತಟ್ಟೆಯಲ್ಲಿ ಅದ್ದಿ ಕೆಸರು ತೆಗೆಯಬಹುದು. ಉಜ್ಜಿದರೆ ಕೆಸರು ನಾರಿನೊಳಗೆ ಇಳಿಯುತ್ತದೆ.

ಅಂಟಿದ ಹಾಳೆಗಳನ್ನು ಬಿಡಿಸಲು ಹೋಗಬೇಡಿ. ಹತ್ತು ಹಾಳೆಗೊಂದರಂತೆ ಅಚ್ಚಾಗದ ನ್ಯೂಸ್‌ಪ್ರಿಂಟ್ ಇಟ್ಟು, ನೆನೆದಂತೆಲ್ಲ ಬದಲಿಸಿ, ಫ್ಯಾನ್ ಗಾಳಿಯಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಕಾಗದ ಸೊಟ್ಟಗಾಗಿ ಬಣ್ಣ ಕಳೆದುಕೊಳ್ಳುತ್ತದೆ. ರಾಶಿ ದೊಡ್ಡದಿದ್ದರೆ ಕಡತವೊಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ −18 ಡಿಗ್ರಿಯ ಡೀಪ್ ಫ್ರೀಜರಿಗೆ ಸೇರಿಸಿ. ಬೂಸ್ಟು ಅಲ್ಲಿಗೆ ನಿಲ್ಲುತ್ತದೆ, ಬಳಿಕ ನಾಲ್ಕೈದರಂತೆ ಹೊರತೆಗೆದು ಒಣಗಿಸಬಹುದು. ನೆನೆದ ಕಂಪ್ಯೂಟರನ್ನು ನೋಡೋಣವೆಂದು ಆನ್ ಮಾಡಬಾರದು.

ನೋಂದಾಯಿತ ಪತ್ರ ಹಾಳಾದರೆ ಉಪನೋಂದಣಿ ಕಚೇರಿಯ ದೃಢೀಕೃತ ನಕಲು ಸಿಗುತ್ತದೆ. ನೋಂದಣಿಯಾಗದ ವಾಟ್ನಿ ಪತ್ರಕ್ಕೆ ಆ ದಾರಿಯಿಲ್ಲ. ಅದು ಚೂರಾಗಿದ್ದರೂ ಎಸೆಯದೆ, ಸಿಕ್ಕ ಸ್ಥಿತಿಯಲ್ಲೇ ಫೋಟೋ ತೆಗೆದು, ಕಕ್ಷಿದಾರರಿಗೆ ಅಂದೇ ತಿಳಿಸಬೇಕು. ಮೂಲ ನಾಶವಾಗಿದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೇ ಕಲಮಿನಡಿ ದ್ವಿತೀಯಕ ಸಾಕ್ಷ್ಯಕ್ಕೆ (ಮೂಲದ ಬದಲು ನಕಲು ಮುಂತಾದವಕ್ಕೆ) ಅವಕಾಶವಿದೆ, ಆದರೆ ನಾಶವಾದದ್ದು ಹೇಗೆಂದು ರುಜುವಾತು ಮಾಡಬೇಕಾಗುತ್ತದೆ. ಗೋಡೆಯ ಮೇಲಿನ ನೀರಿನ ಗೆರೆಯ ಫೋಟೋ, ದಿನಾಂಕ ಸಮೇತ, ಸುಣ್ಣ ಹೊಡೆಸುವ ಮುಂಚೆಯೇ ತೆಗೆದಿಡಿ.

ಅದೇ ಫೋಟೋ ಕಾಲಮಿತಿ ಕಾಯ್ದೆಯ 5ನೇ ಕಲಮಿನ ವಿಳಂಬ ಮನ್ನಾ ಅರ್ಜಿಗೂ ಬೇಕು. ಅಪೀಲಿಗೆ, ಅರ್ಜಿಗೆ ಆ ಕಲಂ ಇದೆ, ದಾವೆಗಿಲ್ಲ. ವಾಯಿದೆ ಮುಗಿಯುವ ದಿನ ಕೋರ್ಟೇ ಮುಚ್ಚಿದ್ದರೆ ತೆರೆದ ದಿನ ಹಾಕಬಹುದು, ಅಷ್ಟೇ. ಹಾಗಾಗಿ ಇನ್ನೂ ಹೂಡಬೇಕಿರುವ, ವಾಯಿದೆ ಹತ್ತಿರ ಬಂದಿರುವ ದಾವೆಯ ಕಡತವೂ ಮೂಲ ದಾಖಲೆಗಳ ಜೊತೆ ಮೊದಲ ಡಬ್ಬಿಯಲ್ಲೇ ಮಹಡಿಗೆ ಹೋಗಬೇಕು.