ಗುಜರಿ ಮಾಲಿನಲ್ಲಿ ಕಿಟ್ ಕಾರು: ಎಲ್ಲಿ ಹಳೇದು ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಚಾಸಿ, ಬಾಡಿಯನ್ನು ಕಿಟ್ ಆಗಿ ಕೊಂಡು, ಉಳಿದದ್ದನ್ನು ಹಳೇ ಕಾರಿನಿಂದ ತೆಗೆದು ಕೈಯಾರೆ ಜೋಡಿಸುವುದೇ ಕಿಟ್ ಕಾರು. ಅದನ್ನು ಕಟ್ಟುವುದು, ಬೇರೆಯವರು ಅರ್ಧಕ್ಕೆ ಬಿಟ್ಟಿದ್ದನ್ನು ಮುಗಿಸಿ ರಸ್ತೆಗೆ ಇಳಿಸುವುದು ನಮ್ಮ ವರ್ಕ್‌ಶಾಪಿನ ಕೆಲಸ. ಅರ್ಧಕ್ಕೆ ನಿಂತ ಕಾರುಗಳಲ್ಲಿ ಹೆಚ್ಚಿನವು ಎಂಜಿನ್ ಸಿಗದೆ ನಿಂತವಲ್ಲ. ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕು ಕಾರುಗಳ ಬಿಡಿಭಾಗ ತಂದು ಗುಡ್ಡೆ ಹಾಕಿ, ಅವನ್ನು ಒಂದಕ್ಕೊಂದು ಹೊಂದಿಸಲು ಅಡಾಪ್ಟರು, ಸ್ಪೇಸರು, ಲೇತ್ ಕೆಲಸ ಎಂದು ದುಡ್ಡು ಸುರಿದು ಕೈ ಖಾಲಿಯಾದವು. ಮೂಗಿಗಿಂತ ಮೂಗುತಿ ಭಾರ. ಬಜೆಟ್ ಬಿಗಿ ಇದ್ದವರಿಗೆ ನಾವು ಮೊದಲು ಹೇಳುವುದು ಇಷ್ಟೇ: ಬಿಡಿಭಾಗ ಹುಡುಕಬೇಡಿ, ಇಡೀ ಒಂದು ಡೋನರ್ ಕಾರು (ಭಾಗಗಳನ್ನು ಕಳಚಿಕೊಳ್ಳಲು ಕೊಳ್ಳುವ ಹಳೇ ಕಾರು) ಹುಡುಕಿ.

ಲೋಟಸ್ ಸೆವೆನ್ ಎಂಬ ಹಗುರ, ತೆರೆದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಮಾದರಿಯ ಕಿಟ್‌ಗಳಿಗೆ ಎಂಜಿನ್ ಉದ್ದಕ್ಕೆ ಕೂತಿರುವ, ಹಿಂದಿನ ಚಕ್ರಗಳಿಗೆ ಡ್ರೈವ್ ಇರುವ ಕಾರು ಬೇಕು. ಫೋರ್ಡ್ ಸಿಯೆರಾ ಬಹಳ ಕಾಲ ಈ ಕೆಲಸಕ್ಕೆ ಬಂತು. 1993ರಲ್ಲಿ ಅದರ ತಯಾರಿಕೆ ನಿಂತು, ಒಳ್ಳೆಯ ಗಾಡಿ ಸಿಗುವುದು ಕಷ್ಟವಾದ ಹಾಗೆ 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಆ ಜಾಗ ಹಿಡಿಯಿತು. ಇವೆರಡನ್ನು ಬೆರೆಸಿದರೆ ಏನಾಗುತ್ತದೆ ನೋಡಿ. ಎರಡಕ್ಕೂ ಚಕ್ರದಲ್ಲಿ ನಾಲ್ಕೇ ಬೋಲ್ಟು. ಆದರೆ ಬೋಲ್ಟುಗಳು ಕೂತಿರುವ ವೃತ್ತದ ವ್ಯಾಸ ಸಿಯೆರಾದಲ್ಲಿ 108 ಮಿ.ಮೀ., ಮೊದಲ ಎಂಎಕ್ಸ್-5ರಲ್ಲಿ 100 ಮಿ.ಮೀ. ಮುಂದೆ ಒಂದರ ಹಬ್, ಹಿಂದೆ ಇನ್ನೊಂದರ ಹಬ್ ಹಾಕಿದರೆ ಎರಡು ಬಗೆಯ ರಿಮ್ ಬೇಕು, ಎರಡು ಸ್ಟೆಪ್ನಿ ಬೇಕು, ಟೈರ್ ಹಿಂದೆ ಮುಂದೆ ಬದಲಿಸುವ ಹಾಗಿಲ್ಲ.

ಡೋನರ್ ಆಗಿ ಎಲ್ಲಕ್ಕಿಂತ ಒಳ್ಳೆಯದು ಬಾಡಿ ತುಕ್ಕು ಹಿಡಿದು ತಪಾಸಣೆಯಲ್ಲಿ ಫೇಲಾದ, ಆದರೆ ಓಡುತ್ತಿರುವ ಕಾರು. ಬಾಡಿ ನಮಗೆ ಬೇಡವೇ ಬೇಡ. ಮುಂದಿನಿಂದ ಗುದ್ದಿಸಿಕೊಂಡದ್ದು ಬೇಡ: ಎಂಜಿನ್ ಮೌಂಟು, ಗೇರ್‌ಬಾಕ್ಸಿನ ಬೆಲ್ ಹೌಸಿಂಗ್, ಸ್ಟೀರಿಂಗ್ ರ್‍ಯಾಕು ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಟ್ಟಿರಬಹುದು, ಬಾಗಿರಬಹುದು. ನೆರೆ ನೀರಿನಲ್ಲಿ ನಿಂತದ್ದು ಪುಕ್ಕಟೆ ಕೊಟ್ಟರೂ ಬೇಡ. ಅದರ ಕನೆಕ್ಟರುಗಳೊಳಗೆ ಹಸಿರು ಕಿಲುಬು ಕೂತಿರುತ್ತದೆ, ಆ ತೊಂದರೆ ಕಾರು ಮುಗಿದ ಮೇಲೆ ತಲೆ ಎತ್ತುತ್ತದೆ.

ಕೊಳ್ಳುವ ಮುಂಚೆ ಕಂಪ್ರೆಷನ್ (ಸ್ಟಾರ್ಟರ್ ತಿರುಗಿಸಿದಾಗ ಸಿಲಿಂಡರಿನೊಳಗೆ ಏಳುವ ಒತ್ತಡ) ಗೇಜ್ ಹಾಕಿ ನೋಡಿ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಇಂಧನ ಮತ್ತು ಇಗ್ನಿಷನ್ ಬಂದ್ ಆಗಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಆಕ್ಸಿಲರೇಟರ್ ಒತ್ತದೆ ನೋಡಿದ ಅಂಕಿಗೆ ಅರ್ಥವಿಲ್ಲ, ಗಾಳಿಯೇ ಒಳಗೆ ಹೋಗಿರುವುದಿಲ್ಲ. ಸಿಲಿಂಡರಿಂದ ಸಿಲಿಂಡರಿಗೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ.

ಕಾರು ಬಿಚ್ಚುವಾಗ ಮೊದಲ ಕೆಲಸ ಏರ್‌ಬ್ಯಾಗ್. ಬ್ಯಾಟರಿ ಕಳಚಿ, ಕನಿಷ್ಠ 10 ನಿಮಿಷ ಬಿಟ್ಟು, ಆಮೇಲೆ ಕೈ ಹಾಕಿ. ತೆಗೆದ ಯೂನಿಟ್ಟನ್ನು ಮೆತ್ತನೆಯ ಮುಖ ಮೇಲೆ ಬರುವಂತೆ ಇಡಿ. ಅದು ಮಗುಚಿ ಇದ್ದಾಗ ಸಿಡಿದರೆ ಯೂನಿಟ್ಟೇ ಮೇಲಕ್ಕೆ ಹಾರುತ್ತದೆ. ಪ್ರತಿ ಭಾಗದ ಬೋಲ್ಟುಗಳನ್ನು ಆ ಭಾಗದ ಹೆಸರು ಬರೆದ ಪೊಟ್ಟಣದಲ್ಲಿ ಬೇರೆ ಬೇರೆ ಇಡಿ. ನಟ್ಟು, ಬೋಲ್ಟು, ಕ್ಲಿಪ್ಪು, ಬ್ರಾಕೆಟ್ಟು ಕೊಳ್ಳಲು ಹೋದಾಗಲೇ ಅವುಗಳ ಒಟ್ಟು ಖರ್ಚು ಎಷ್ಟೆಂದು ಗೊತ್ತಾಗುವುದು.

ವೈರಿಂಗ್ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ. ಹೊಸ ವೈರಿಂಗ್ ಕಿಟ್ ಕೊಳ್ಳುವುದಕ್ಕಿಂತ ಡೋನರಿನ ವೈರಿಂಗಿನಲ್ಲಿ ಬೇಡದ್ದನ್ನು ತೆಗೆದು ಅದನ್ನೇ ಬಳಸುವುದು ಅಗ್ಗ, ಸರಿಯಾಗಿ ಮಾಡಿದರೆ ಗಟ್ಟಿ ಕೂಡ. ಪ್ರತಿ ಕನೆಕ್ಟರಿಗೂ, ಅದು ಸೇರುವ ಜಾಗಕ್ಕೂ ಒಂದೇ ಗುರುತಿನ ಚೀಟಿ ಅಂಟಿಸಿ ಬಿಚ್ಚಿ. ಇಡೀ ವೈರಿಂಗನ್ನು ನೆಲದ ಮೇಲೆ ಹರಡಿ, ಎಲ್ಲವನ್ನೂ ಜೋಡಿಸಿ, ಸ್ಟ್ಯಾಂಡಿನ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ. ಆಮೇಲೆ ಪವರ್ ವಿಂಡೋ, ರೇಡಿಯೋ, ಎಸಿ, ಬಾಗಿಲಿನ ಲೈಟು ಎಂದು ಒಂದೊಂದೇ ಸರ್ಕ್ಯೂಟನ್ನು ಫ್ಯೂಸ್ ಬಾಕ್ಸಿನವರೆಗೂ ಹಿಂಬಾಲಿಸಿ ತೆಗೆಯಿರಿ. ಒಂದು ತೆಗೆದಾಗಲೆಲ್ಲ ಮತ್ತೆ ಸ್ಟಾರ್ಟ್ ಮಾಡಿ. ನಿಂತರೆ, ಕೊನೆಯಲ್ಲಿ ತೆಗೆದದ್ದೇ ಕಾರಣ. ಐದಾರು ಸರ್ಕ್ಯೂಟ್ ಒಟ್ಟಿಗೆ ಕತ್ತರಿಸಿದವರು ಸಾಮಾನ್ಯವಾಗಿ ಕತ್ತರಿಸಿಬಿಡುವುದು ಇಸಿಯುವಿನ (ಎಂಜಿನ್ ನಡೆಸುವ ಕಂಪ್ಯೂಟರಿನ) ಅರ್ತ್ ವೈರನ್ನು. ನೋಡಲು ಅದೂ ಬಾಡಿ ಅರ್ತಿನ ಹಾಗೇ ಇರುತ್ತದೆ. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಇಸಿಯು, ಇಮ್ಮೊಬಿಲೈಸರ್ ಬಾಕ್ಸು, ಕೀ ಮೂರೂ ಒಂದೇ ಕಾರಿನವು ಇರಬೇಕು. ಗುಜರಿಯಿಂದ ಬರಿಯ ಎಂಜಿನ್ ತಂದವರು ಸಿಕ್ಕಿಬೀಳುವುದು ಇಲ್ಲೇ.

ಕಿಟ್ ಚಾಸಿಗೆ ಪೌಡರ್ ಕೋಟಿಂಗ್ ಇರುತ್ತದೆ, ಅದು ಕರೆಂಟು ಹಾಯಲು ಬಿಡುವುದಿಲ್ಲ. ಅರ್ತ್ ಕೂರುವ ಜಾಗ ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಬಿಗಿದ ಮೇಲೆ ಗ್ರೀಸ್ ಹಚ್ಚಿ. ಎಂಜಿನ್‌ಗೂ ಚಾಸಿಗೂ ಬೇರೆಯೇ ಒಂದು ದಪ್ಪ ಪಟ್ಟಿ ಬೇಕು, ರಬ್ಬರ್ ಮೌಂಟಿನಲ್ಲಿ ಕರೆಂಟು ಹರಿಯದು. ಪರೀಕ್ಷೆ ಸುಲಭ: ಸ್ಟಾರ್ಟರ್ ತಿರುಗುತ್ತಿರುವಾಗ ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಹಿಡಿಯಿರಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ.

ಇನ್ನು ಬ್ರೇಕ್. ಇಲ್ಲಿ ಕ್ಯಾಲಿಪರ್ ಬಾಡಿ, ಕ್ಯಾರಿಯರ್, ಪೆಡಲ್ ಬಾಕ್ಸ್ ಹಳೆಯವು ನಡೆಯುತ್ತವೆ. ಕ್ಯಾಲಿಪರ್ ಸೀಲ್, ರಬ್ಬರ್ ಹೋಸ್, ಪ್ಯಾಡ್, ಪೈಪ್, ಡಾಟ್ 4 ಬ್ರೇಕ್ ಆಯಿಲ್ ಹೊಸವೇ ಆಗಬೇಕು. ಪಿಸ್ಟನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಸೋರುತ್ತದೆ, ಅದನ್ನು ಬದಲಿಸಿ.

ಬ್ರೇಕ್ ಪೈಪಿನ ತುದಿಯ ಫ್ಲೇರ್ (ಅರಳಿಸಿದ ಬಾಯಿ) ಎರಡು ಬಗೆ. ಯುರೋಪಿನ ಕಾರುಗಳಲ್ಲಿ ಹೆಚ್ಚಾಗಿ ಗುಳ್ಳೆಯಾಕಾರದ ಬಬಲ್ ಫ್ಲೇರ್, ಜಪಾನಿನವುಗಳಲ್ಲಿ ಒಳಕ್ಕೆ ಮಡಚಿದ ಡಬಲ್ ಫ್ಲೇರ್. ಎರಡರ ನಟ್ಟೂ ಸಾಮಾನ್ಯವಾಗಿ 10 ಮಿ.ಮೀ., 1 ಮಿ.ಮೀ. ಪಿಚ್. ಹಾಗಾಗಿ ತಪ್ಪು ಫ್ಲೇರ್ ಇದ್ದರೂ ನಟ್ಟು ಆರಾಮಾಗಿ ತಿರುಗಿ ಬಿಗಿಯಾಗುತ್ತದೆ, ಒಳಗೆ ಮಾತ್ರ ಸೀಟು ಕೂತಿರುವುದಿಲ್ಲ. ಮೆಲ್ಲಗೆ ಒತ್ತಿದಾಗ ಒಣಗಿಯೇ ಇರುವ ಈ ಜಾಯಿಂಟು ಗಟ್ಟಿ ಬ್ರೇಕಿಗೆ ಸೋರುತ್ತದೆ. ಸೋರಿತೆಂದು ಇನ್ನಷ್ಟು ಬಿಗಿದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗದ) ಸೀಟೇ ಹಾಳು. ಪೈಪ್ ಮಾಡುವ ಮುಂಚೆ ಟಾರ್ಚ್ ಹಿಡಿದು ತೂತಿನೊಳಗೆ ನೋಡಿ: ತಳದಲ್ಲಿ ಸಣ್ಣ ಗೋಪುರದ ಹಾಗೆ ಎದ್ದಿದ್ದರೆ ಡಬಲ್ ಫ್ಲೇರ್ ಬೇಕು, ಒಳಕ್ಕೆ ಇಳಿಜಾರಾಗಿದ್ದರೆ ಬಬಲ್.

ಇಂಥ ಕಿಟ್‌ಗಳಲ್ಲಿ ಬಹಳಷ್ಟಕ್ಕೆ ಬೂಸ್ಟರ್ (ಪಾದದ ಒತ್ತಿಗೆ ಬಲ ಸೇರಿಸುವ ಡಬ್ಬಿ) ಇಡಲು ಜಾಗವೇ ಇರುವುದಿಲ್ಲ. ಕಾರು 600 ಕೆ.ಜಿ. ಆಸುಪಾಸು ಇರುವುದರಿಂದ ಬೂಸ್ಟರ್ ಇಲ್ಲದೆ ನಡೆಯುತ್ತದೆ, ಆದರೆ ಹಾಗೇ ಕಿತ್ತು ಎಸೆದರೆ ಪೆಡಲ್ ಕಲ್ಲಾಗುತ್ತದೆ. ಮಾಸ್ಟರ್ ಸಿಲಿಂಡರಿನ ಬೋರ್ 22.2 ಮಿ.ಮೀ. ಬದಲು 19 ಮಿ.ಮೀ. ಮಾಡಿದರೆ ಅಷ್ಟೇ ಒತ್ತಿಗೆ ಒತ್ತಡ ಸುಮಾರು ಶೇ. 36 ಹೆಚ್ಚುತ್ತದೆ, ಪೆಡಲ್ ಓಟವೂ ಅಷ್ಟೇ ಹೆಚ್ಚುತ್ತದೆ. ಪೆಡಲಿನ ಲಿವರ್ ಅನುಪಾತ 5ರಿಂದ 6ರ ಹತ್ತಿರ ಇರಲಿ. ಅಳೆಯುವುದು ಹೀಗೆ: ಪಿವಟ್ಟಿನಿಂದ ಪಾದ ಇಡುವ ಜಾಗಕ್ಕಿರುವ ದೂರವನ್ನು ಪಿವಟ್ಟಿನಿಂದ ಪುಶ್ ರಾಡಿಗಿರುವ ದೂರದಿಂದ ಭಾಗಿಸಿ.

ಡೋನರಿನ ನಾಲ್ಕೂ ಬ್ರೇಕ್ ಹಾಗೇ ಬಂದರೆ ಸಾಮಾನ್ಯವಾಗಿ ಮುಂದಿನ ಚಕ್ರಗಳು ಮೊದಲು ಲಾಕ್ ಆಗುತ್ತವೆ, ಕಾರು ನೇರ ಹೋಗುತ್ತದೆ. ಚೆಂದ ಕಾಣುತ್ತದೆಂದು ಹಿಂದಕ್ಕೆ ದೊಡ್ಡ ಕಾರಿನ ಕ್ಯಾಲಿಪರ್ ತಂದು ಹಾಕಿದರೆ ಹಿಂದಿನದು ಮೊದಲು ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ. ಬ್ರೇಕ್ ಒತ್ತಡ ಹೊಂದಿಸುವ ವಾಲ್ವ್ ಹಾಕುವುದಾದರೆ ಹಿಂದಿನ ಲೈನಿಗೆ ಮಾತ್ರ, ಮುಂದಿನದಕ್ಕೆ ಎಂದಿಗೂ ಬೇಡ.

ಸೀಟ್ ಬೆಲ್ಟ್, ಬಾಲ್ ಜಾಯಿಂಟ್, ಟ್ರ್ಯಾಕ್ ರಾಡ್ ಎಂಡ್, ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವುದು), ಪೆಟ್ರೋಲ್ ಹೋಸ್ ಹಳೆಯವು ಬೇಡ. ಇಂಜೆಕ್ಷನ್ ಎಂಜಿನ್ನಿಗೆ ಸುಮಾರು 3 ಬಾರ್ ಒತ್ತಡದ ಪೆಟ್ರೋಲ್ ಬರುತ್ತದೆ, ಕಾರ್ಬ್ಯುರೇಟರ್ ಹೋಸ್ ಅದನ್ನು ತಾಳುವುದಿಲ್ಲ. ಗುಜರಿ ಟೈರ್ ಕೊಳ್ಳುವುದಾದರೆ ಪಕ್ಕದಲ್ಲಿನ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಸಸ್ಪೆನ್ಷನ್ನಿಗೆ 8.8 ಗ್ರೇಡ್ ಬೋಲ್ಟೇ ಹಾಕಿ. ಸ್ಟೇನ್‌ಲೆಸ್ ಹೊಳೆಯುತ್ತದೆ, ಆದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಟೇನ್‌ಲೆಸ್ 8.8ಕ್ಕಿಂತ ಬೇಗ ಹಿಗ್ಗುತ್ತದೆ. ಬ್ರಾಕೆಟ್ಟಿನ ತೂತಿನಲ್ಲಿ ಬೋಲ್ಟಿನ ನುಣುಪು ಭಾಗ ಕೂರಬೇಕು, ಮರೆ (ಥ್ರೆಡ್) ಇರುವ ಭಾಗ ಕೂತರೆ ಅಲ್ಲೇ ತುಂಡಾಗುವುದು.

ಎಂಜಿನ್ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಿ ಬ್ಯಾಲೆನ್ಸ್ ಮಾಡುವುದನ್ನು ಆ ಕೆಲಸದವರಿಗೇ ಕೊಡಿ, ಇಲ್ಲಿ ಉಳಿಸಲು ಹೋಗಬೇಡಿ. ಕೂರಿಸುವಾಗ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದಕ್ಕೊಂದು ಸಮಾನಾಂತರ ಇರಲಿ, ಎರಡೂ ಜಾಯಿಂಟಿನ ಕೋನ ಸಮ ಇರಲಿ, 3 ಡಿಗ್ರಿಯೊಳಗೆ ಇರಲಿ. ಸೊನ್ನೆಯೂ ಬೇಡ, ಸ್ವಲ್ಪವಾದರೂ ಕೋನ ಇದ್ದರೆ ಮಾತ್ರ ಒಳಗಿನ ಸೂಜಿ ಬೇರಿಂಗು ಉರುಳುತ್ತದೆ.

ಕೊನೆಯಲ್ಲಿ ನಾಲ್ಕೂ ಚಕ್ರದ ಮೇಲೆ ಬೀಳುವ ತೂಕ. ದುಬಾರಿ ತೂಕದ ಪ್ಯಾಡ್ ಬೇಡ, ಮನೆಯಲ್ಲಿ ನಿಂತು ತೂಗುವ ತಕ್ಕಡಿ ಸಾಕು. ಚಾಲಕ ಸೇರಿ 675 ಕೆ.ಜಿ. ಇದ್ದರೆ ಒಂದು ಚಕ್ರದ ಮೇಲೆ ಸುಮಾರು 169 ಕೆ.ಜಿ. ಬೀಳುತ್ತದೆ, 150 ಕೆ.ಜಿ. ತಕ್ಕಡಿಗೆ ಅದು ಹೆಚ್ಚು. ಒಂದು ದಪ್ಪ ಹಲಗೆಯ ಒಂದು ತುದಿ ತಕ್ಕಡಿಯ ಮೇಲೆ, ಇನ್ನೊಂದು ತುದಿ ಅಷ್ಟೇ ಎತ್ತರದ ಪೈಪಿನ ಮೇಲೆ ಇಟ್ಟು ಚಕ್ರವನ್ನು ನಟ್ಟನಡುವೆ ನಿಲ್ಲಿಸಿ. ತಕ್ಕಡಿ ಅರ್ಧ ತೂಕ ತೋರಿಸುತ್ತದೆ. ಬರಿ ಹಲಗೆ ಇದ್ದಾಗ ತೋರಿಸಿದ್ದನ್ನು ಕಳೆದು ಎರಡರಿಂದ ಗುಣಿಸಿ. ಉಳಿದ ಮೂರು ಚಕ್ರಗಳೂ ಅಷ್ಟೇ ಎತ್ತರದಲ್ಲಿರಬೇಕು, ಆಂಟಿ ರೋಲ್ ಬಾರ್ ಕಳಚಿರಬೇಕು, ಸೀಟಿನಲ್ಲಿ ಚಾಲಕನ ತೂಕ ಇರಬೇಕು. ಎಡ ಮುಂದಿನದು ಮತ್ತು ಬಲ ಹಿಂದಿನದು ಕೂಡಿದರೆ ಒಟ್ಟು ತೂಕದ ಅರ್ಧ ಬರಬೇಕು. ಕಡಿಮೆ ಬಂದರೆ ಆ ಎರಡರಲ್ಲಿ ಒಂದರ ಸ್ಪ್ರಿಂಗ್ ತಟ್ಟೆಯನ್ನು ಸ್ವಲ್ಪ ಏರಿಸಿ: ಆ ಮೂಲೆಗೂ ಅದರ ಕರ್ಣದ ಎದುರು ಮೂಲೆಗೂ ಭಾರ ಹೆಚ್ಚಿ, ಉಳಿದೆರಡರಲ್ಲಿ ಇಳಿಯುತ್ತದೆ. ಒಂದು ಸುತ್ತು ತಿರುಗಿಸಿ, ಕಾರನ್ನು ಅಲುಗಾಡಿಸಿ ಕೂರಿಸಿ, ಮತ್ತೆ ತೂಗಿ.

ನೋಂದಣಿಯ ನಿಯಮ ದೇಶ ದೇಶಕ್ಕೆ ಬೇರೆ. ಡೋನರಿನ ಕಾಗದ, ಎಂಜಿನ್ ನಂಬರು, ಚಾಸಿ ಪ್ಲೇಟು, ಕೊಂಡ ಭಾಗಗಳ ರಸೀದಿ ಒಂದೇ ಫೈಲಿನಲ್ಲಿರಲಿ. ಬೇಡದ ಸೀಟು, ಬಾಗಿಲು, ಲೈಟು, ಗಾಜು ಬೇಗ ಮಾರಿ. ಡೋನರ್ ಕೊಂಡ ದುಡ್ಡಿನಲ್ಲಿ ಒಂದಿಷ್ಟು ವಾಪಸು ಬರುತ್ತದೆ. ಬ್ರಾಕೆಟ್ಟು, ವೈರಿನ ತುಂಡು, ಬೋಲ್ಟಿನ ಪೊಟ್ಟಣಗಳನ್ನು ಮಾತ್ರ ಕಾರು ನೋಂದಣಿಯಾಗಿ ಕೈಗೆ ನಂಬರು ಬರುವವರೆಗೆ ಎಸೆಯಬೇಡಿ.