ಡಯಾಲಿಸಿಸ್ ಶುರುವಾದ ಮೇಲೆ ಅಪ್ಪನ ಊಟ

ಡಯಾಲಿಸಿಸ್‌ಗೆ ಮುಂಚೆ ಅಪ್ಪನಿಗೆ ಪ್ರೋಟೀನ್ ಕಡಿಮೆ ಕೊಡಿ ಎಂದಿದ್ದರು. ಶುರುವಾದ ಮೇಲೆ ಲೆಕ್ಕವೇ ಬದಲಾಯಿತು. ಈಗ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ರಕ್ತ ಶುದ್ಧವಾಗುವಾಗ ಕಲ್ಮಶದ ಜೊತೆ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಹೊರಟುಹೋಗುತ್ತವೆ. ಅಪ್ಪನ ತೋಳು ಸಣ್ಣಗಾಗುವುದನ್ನು ಕಣ್ಣಾರೆ ನೋಡಿದವಳು ನಾನು.

ಮೊಟ್ಟೆಯ ಬಿಳಿ ಭಾಗ ನಮ್ಮ ಕೈ ಹಿಡಿದಿದೆ. ಒಂದರಲ್ಲಿ ಸುಮಾರು 3.5 ಗ್ರಾಂ ಪ್ರೋಟೀನ್; ಕಿಡ್ನಿ ಕೆಟ್ಟವರ ರಕ್ತದಲ್ಲಿ ಸೇರಿಕೊಳ್ಳುವ ರಂಜಕ (ಫಾಸ್ಫರಸ್) ತೀರಾ ಕಡಿಮೆ. ಆಲೂಗಡ್ಡೆ ಬೇಕು ಅಂತ ಅಪ್ಪ ಆಸೆಪಟ್ಟರೆ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ತುಂಬಾ ನೀರಲ್ಲಿ ಕುದಿಸಿ ಆ ನೀರನ್ನು ಚೆಲ್ಲುತ್ತೇನೆ. ಪೊಟ್ಯಾಸಿಯಂ ಒಂದಷ್ಟು ಇಳಿಯುತ್ತದೆ. ಪೂರ್ತಿ ಹೋಗಲ್ಲ, ಅದಕ್ಕೇ ಸ್ವಲ್ಪವೇ ಬಡಿಸುವುದು.

ಉಪ್ಪು ಜಾಸ್ತಿಯಾದರೆ ಬಾಯಾರಿಕೆ, ಆಮೇಲೆ ನೀರು, ಆಮೇಲೆ ಮೈ ಊತ. ಹಾಗಂತ ‘ಕಡಿಮೆ ಸೋಡಿಯಂ’ ಉಪ್ಪನ್ನು ವೈದ್ಯರನ್ನು ಕೇಳದೆ ತರಲೇಬೇಡಿ. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಡಯಾಲಿಸಿಸ್‌ನಲ್ಲಿರುವವರ ಹೃದಯಕ್ಕೆ ಅದು ಅಪಾಯ.

ರಂಜಕ ಹಿಡಿದಿಡುವ ಮಾತ್ರೆ ಇದೆ ಅಲ್ವಾ, ಅದನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಬೇರೆ ಹೊತ್ತಲ್ಲಿ ಸುಮ್ನೆ ನುಂಗಿದರೆ ಊಟದ ರಂಜಕ ತಡೆಯಲು ಅದಕ್ಕೆ ಆಗುವುದಿಲ್ಲ. ರಕ್ತಪರೀಕ್ಷೆಯ ವರದಿ ಬಂದಾಗಲೆಲ್ಲ ಡಯಟಿಷಿಯನ್ ಮುಂದೆ ಕೂರುತ್ತೇವೆ. ಅಂಕಿ ನೋಡಿಯೇ ಮುಂದಿನ ಊಟ ತೀರ್ಮಾನವಾಗುತ್ತದೆ.